ಸಣ್ಣ ಸಲಹಾ ಕಚೇರಿಗೆ ವಾಟ್ಸಾಪ್, ಫೇಸ್‌ಬುಕ್, ಗೂಗಲ್ ಮ್ಯಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಮ್ಮದೊಂದು ಚಿಕ್ಕ ಆಫೀಸು. ನಾನು, ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿ, ಒಂದು ಪ್ರಿಂಟರ್. ಜಿಎಸ್‌ಟಿ ನಂಬರ್ ಮಾಡಿಸುವುದು, ರಿಟರ್ನ್ ಹಾಕುವುದು, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು, ಇಷ್ಟೇ ಕೆಲಸ. ಗಿರಾಕಿಗಳಲ್ಲಿ ಅಕ್ಕಿ ಗಿರಣಿಯವರು ಮತ್ತು ಅಡತಿ ಅಂಗಡಿಯವರೇ ಜಾಸ್ತಿ. ಉಳಿದವರು ಕಿರಾಣಿ, ಗೊಬ್ಬರ, ಬಟ್ಟೆ, ಬೇಕರಿ. ಇದೇ ಕಸುಬಿನ ಗೆಳೆಯರು ರಾಯಚೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿಯಿಂದ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಅರ್ಧ ಗಂಟೆ ಮಾತಾಡುವ ಬದಲು ಬರೆದೇ ಇಡೋಣ ಅನಿಸಿತು.

ನಮ್ಮ ಕಡೆ ಗಿರಾಕಿ ಬರುವುದು ಪರಿಚಯದ ಮೇಲೆ. ಇದೆಲ್ಲ ನಿಜಕ್ಕೂ ಬೇಕಾ?

ಬೇಕು. ಪರಿಚಯದ ಮಾತು ಎಲ್ಲೂ ಹೋಗಿಲ್ಲ, ಅದು ನಡೆಯುವ ದಾರಿ ಬದಲಾಗಿದೆ. ಮೊದಲು ಕಾರಟಗಿಯ ಒಬ್ಬರು ಇನ್ನೊಬ್ಬರಿಗೆ "ಗಂಗಾವತಿಯಾಗ ಒಬ್ರು ಅದಾರ, ನನ್ನ ಹೆಸರು ಹೇಳು" ಎನ್ನುತ್ತಿದ್ದರು. ಅವರು ಬಸ್ ಹತ್ತಿ ಬರುತ್ತಿದ್ದರು. ಈಗ ಅದೇ ಮಾತಿನ ಜೊತೆ ನಂಬರ್ ವಾಟ್ಸಾಪಿನಲ್ಲಿ ಹೋಗುತ್ತದೆ. ನಂಬರ್ ಸಿಕ್ಕವರು ಮೊದಲು ಡಿಪಿ ನೋಡುತ್ತಾರೆ. ಅಲ್ಲಿ ನಿಮ್ಮ ಮಗುವಿನ ಹುಟ್ಟುಹಬ್ಬದ ಫೋಟೊ ಇದ್ದರೆ "ಇದೇ ನಂಬರಾ?" ಎಂಬ ಅನುಮಾನ. ಆಮೇಲೆ ಗೂಗಲ್‌ನಲ್ಲಿ ಆಫೀಸು ಎಲ್ಲಿದೆ ಎಂದು ಹುಡುಕುತ್ತಾರೆ. ಸಿಗದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನ್ ಮಾಡುತ್ತಾರೆ. ನೀವು ಎತ್ತದಿದ್ದರೆ ಪಕ್ಕದ ಬೀದಿಯ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಇಷ್ಟೇ ಕಥೆ.

ಹಾಗಾಗಿ ನಮ್ಮಂಥವರಿಗೆ ಸೋಶಿಯಲ್ ಮೀಡಿಯಾ ಎಂದರೆ ಸಾವಿರಾರು ಜನರ ಮುಂದೆ ಮಿಂಚುವುದಲ್ಲ. ಯಾರೋ ನಮ್ಮ ಹೆಸರು ಹೇಳಿದ ಮೇಲೆ ಹುಡುಕಿಕೊಂಡು ಬಂದವರಿಗೆ ಸಿಗಬೇಕು, ಕೇಳಿದ್ದಕ್ಕೆ ಬೇಗ ಉತ್ತರ ಕೊಡಬೇಕು. ಮುಂದಿನ ಉತ್ತರಗಳನ್ನೆಲ್ಲ ಈ ಲೆಕ್ಕದಲ್ಲೇ ಬರೆದಿದ್ದೇನೆ. ಹೆಸರು ಮಾಡಬೇಕು, ಫಾಲೋವರ್ಸ್ ಬೇಕು ಎನ್ನುವವರಿಗೆ ಇವು ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ಎಲ್ಲಿಂದ ಶುರು ಮಾಡಬೇಕು?

ವಾಟ್ಸಾಪ್ ಬಿಸಿನೆಸ್. ಕಾಸು ಕೊಡಬೇಕಿಲ್ಲ. ಕಚೇರಿಗೇ ಬೇರೆ ಸಿಮ್ ತೊಗೊಳ್ಳಿ, ಮನೆಯ ನಂಬರ್ ಮನೆಗೇ ಇರಲಿ. ಆಫೀಸಿನಲ್ಲಿ ಹಳೆ ಲ್ಯಾಂಡ್‌ಲೈನ್ ಇದ್ದರೆ ಅದೂ ಆಗುತ್ತದೆ, ನಂಬರ್ ಖಾತ್ರಿ ಮಾಡುವ ಕೋಡನ್ನು ವಾಟ್ಸಾಪ್ ಕರೆ ಮಾಡಿ ಹೇಳುತ್ತದೆ. ಡಿಪಿಗೆ ಬೋರ್ಡಿನ ಫೋಟೊ ಹಾಕಿ. ಕೆಲಸದ ವೇಳೆ, ವಿಳಾಸ ತುಂಬಿಸಿ.

ಇದರಲ್ಲಿ ನನ್ನ ಹೊಟ್ಟೆ ತಣ್ಣಗೆ ಮಾಡಿದ್ದು ಎರಡು ಸೌಲಭ್ಯ. ಒಂದು ಕ್ವಿಕ್ ರಿಪ್ಲೈ. "ಜಿಎಸ್‌ಟಿ ನಂಬರಿಗೆ ಏನೇನು ತರಬೇಕು?" ಎಂಬ ಪ್ರಶ್ನೆಗೆ ನಾನು ವರ್ಷಗಟ್ಟಲೆ ಬಾಯಲ್ಲೇ ಉತ್ತರ ಹೇಳಿದ್ದೇನೆ. ಈಗ ಓರೆಗೆರೆ ಒತ್ತಿ ಚಿಕ್ಕ ಸಂಕೇತ ಹಾಕಿದರೆ ಪೂರ್ತಿ ಪಟ್ಟಿ ಹೋಗುತ್ತದೆ: ಪ್ಯಾನ್, ಆಧಾರ್, ಫೋಟೊ, ಪಾಸ್‌ಬುಕ್ಕಿನ ಮೊದಲ ಪುಟ, ಅಂಗಡಿಯ ಜೆಸ್ಕಾಂ ಕರೆಂಟ್ ಬಿಲ್, ಬಾಡಿಗೆ ಕರಾರು. ಕಟ್ಟಡ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಒಪ್ಪಿಗೆ ಪತ್ರ. ಕೊನೆಯ ಸಾಲನ್ನು ಸೇರಿಸಿದ ಮೇಲೆ ಎರಡೆರಡು ಸಲ ಓಡಾಡುವವರು ಕಡಿಮೆಯಾದರು. ಇಂಥ ಪಟ್ಟಿಯನ್ನು ಒಂದೇ ದಿನ ಕೂತು ಬರೆಯಬೇಡಿ. ಗಿರಾಕಿ ಏನು ಮರೆತು ಬರುತ್ತಾರೋ ಅದನ್ನು ಒಂದೊಂದಾಗಿ ಸೇರಿಸುತ್ತ ಹೋಗಿ.

ಇನ್ನೊಂದು ಲೇಬಲ್, ಅಂದರೆ ಒಬ್ಬೊಬ್ಬರ ಚಾಟ್‌ಗೆ ಹಚ್ಚುವ ಬಣ್ಣದ ಗುರುತು. ನಮ್ಮಲ್ಲಿ ಐದೇ ಬಣ್ಣ: ಕಾಗದ ಬಾಕಿ, ಓಟಿಪಿ ಬೇಕು, ಆಫೀಸರ್ ಹತ್ತಿರ ಇದೆ, ಫೀ ಬಾಕಿ, ಮುಗಿಯಿತು. ಬೆಳಗ್ಗೆ ಬಂದ ತಕ್ಷಣ ನಮ್ಮ ಹುಡುಗಿ "ಓಟಿಪಿ ಬೇಕು" ಲೇಬಲ್ ತೆಗೆದು ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಾಳೆ. ಮೊದಲು ಇದೆಲ್ಲ ನನ್ನ ತಲೆಯಲ್ಲಿ ಇರುತ್ತಿತ್ತು, ಅಂದರೆ ಮರೆತು ಹೋಗುತ್ತಿತ್ತು.

ರಜೆಯ ದಿನ, ರಾತ್ರಿ ಹೊತ್ತು ತಾನಾಗಿ ಹೋಗುವ ಮೆಸೇಜನ್ನು ಕನ್ನಡದಲ್ಲೇ ಬರೆಯಿರಿ. "ನಮಸ್ಕಾರ. ನಿಮ್ಮ ಮೆಸೇಜ್ ಸಿಕ್ಕಿದೆ. ನಾಳೆ 10 ಗಂಟೆಗೆ ಉತ್ತರ ಕೊಡುತ್ತೇವೆ. ನೋಟಿಸ್ ಬಂದಿದ್ದರೆ ಅದರ ಫೋಟೊ ಈಗಲೇ ಕಳಿಸಿ ಇಡಿ." ಇಷ್ಟು ಸಾಕು. ನೋಟಿಸ್ ಕೈಗೆ ಬಂದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಫೋಟೊ ಕಳಿಸಿದೆ ಎನ್ನುವ ಸಮಾಧಾನವಾದರೂ ಸಿಗಲಿ.

ಗ್ರೂಪ್ ಮಾಡುವುದಾ, ಬ್ರಾಡ್‌ಕಾಸ್ಟ್ ಮಾಡುವುದಾ?

ಗ್ರೂಪ್ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ರಿಟರ್ನ್ ನೆನಪಿಸಲು ಅಂತ ಎಲ್ಲ ಗಿರಾಕಿಗಳನ್ನೂ ಒಂದು ಗ್ರೂಪಿಗೆ ಸೇರಿಸಿದೆ. ಮೂರೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವು, ತೆಲುಗು ಸಿನಿಮಾ ತುಣುಕು, ಒಬ್ಬರ ಎಮ್ಮೆ ಮಾರಾಟಕ್ಕೆ ಇದೆ ಎಂಬ ಸುದ್ದಿ. ಅದಕ್ಕೆ ನಗಬಹುದು. ನಗಲಾಗದ್ದು ಆಮೇಲೆ ಆಯಿತು. ಒಬ್ಬ ಗಿರಣಿ ಮಾಲೀಕರು ತಮಗೆ ಬಂದ ತೆರಿಗೆ ನೋಟಿಸನ್ನು ನನಗೆ ಕಳಿಸಲು ಹೋಗಿ ಗ್ರೂಪಿಗೆ ಹಾಕಿಬಿಟ್ಟರು. ಅವರ ಎದುರು ಗಿರಣಿಯವರೂ ಅದೇ ಗ್ರೂಪಿನಲ್ಲಿದ್ದರು. ಅವತ್ತೇ ಗ್ರೂಪ್ ಮುಚ್ಚಿದೆ. ಅವರು ಇವತ್ತಿಗೂ ನನ್ನ ಗಿರಾಕಿ, ಆದರೆ ಎರಡು ತಿಂಗಳು ಮಾತು ಬಿಗಿಯಾಗಿತ್ತು.

ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಬಹುದು, ನಿಜ. ಆದರೂ ಯಾರ್‍ಯಾರು ನಿಮ್ಮ ಗಿರಾಕಿಗಳು ಎಂಬುದು ಎಲ್ಲರಿಗೂ ಕಾಣುತ್ತದೆ. ನಮ್ಮ ಕಸುಬಿಗೆ ಅದು ಒಗ್ಗುವುದಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು. ಒಂದು ಪಟ್ಟಿಗೆ 256 ಜನ. ಪ್ರತಿಯೊಬ್ಬರಿಗೂ ಒಬ್ಬರಿಗೇ ಬರೆದಂತೆ ಹೋಗುತ್ತದೆ. ಒಂದು ತೊಡಕಿದೆ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಅದಕ್ಕೇ ಹೊಸ ಗಿರಾಕಿ ಎದುರಿಗೆ ಕೂತಿರುವಾಗಲೇ "ಅಣ್ಣ, ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ" ಎಂದು ಮಾಡಿಸಿಯೇ ಕಳಿಸಿ.

ನಮ್ಮಲ್ಲಿ ಎರಡು ಪಟ್ಟಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರದ್ದು ಒಂದು, ಅವರಿಗೆ 11 ಮತ್ತು 20ನೇ ತಾರೀಖು ಮುಖ್ಯ. ಮೂರು ತಿಂಗಳಿಗೊಮ್ಮೆ ಹಾಕುವವರದ್ದು ಇನ್ನೊಂದು, ಕರ್ನಾಟಕದವರಿಗೆ 13 ಮತ್ತು 22. ಮೆಸೇಜ್ ಹೀಗಿರುತ್ತದೆ: "ಸಾವ್ಕಾರ್ರೇ, 11ಕ್ಕೆ ಮಾರಾಟದ ರಿಟರ್ನ್ ಹೋಗಬೇಕು. ಬಿಲ್ಲುಗಳನ್ನು 7ನೇ ತಾರೀಖಿನೊಳಗೆ ಕಳಿಸಿ." ಅದಕ್ಕೆ ಬಣ್ಣದ ಪೋಸ್ಟರ್ ಬೇಡ. ಪೋಸ್ಟರ್ ಬಂದರೆ ಜಾಹೀರಾತು ಎಂದು ತೆರೆಯುವುದೇ ಇಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್: ಯಾವುದನ್ನು ಹಿಡಿಯಲಿ?

ನಿಮ್ಮ ಗಿರಾಕಿ ಯಾರು ಎಂಬುದರ ಮೇಲಿದೆ. ಗಿರಣಿ, ಅಡತಿ, ಗೊಬ್ಬರದ ಅಂಗಡಿ ಎಂದರೆ ಫೇಸ್‌ಬುಕ್ ಸಾಕು. ಸ್ವಂತ ಖಾತೆಯಲ್ಲಿ ಬೇಡ, ಪೇಜ್ ಮಾಡಿ. ಸ್ವಂತ ಖಾತೆಗೆ 5000 ಸ್ನೇಹಿತರ ಮಿತಿ ಇದೆ, ಅಲ್ಲದೆ ನಿಮ್ಮ ರಾಜಕೀಯದ ಜಗಳ ಗಿರಾಕಿಗೆ ಕಾಣುವುದು ಒಳ್ಳೆಯದಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು, ಬೊಟಿಕ್, ಜಿಮ್, ಕೇಕ್ ಮಾಡುವ ಹೆಣ್ಣುಮಕ್ಕಳು ನಿಮ್ಮ ಗಿರಾಕಿಗಳಾದರೆ ಇನ್‌ಸ್ಟಾಗ್ರಾಂ. ಅವರ ವ್ಯಾಪಾರವೇ ಅಲ್ಲಿ ನಡೆಯುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಗುತ್ತಿಗೆ ಕೆಲಸ ಮಾಡುವವರಿಗೆ ನೀವು ಸಲಹೆ ಕೊಡುವುದಾದರೆ ಲಿಂಕ್ಡ್‌ಇನ್‌ನಲ್ಲೂ ಹೆಸರು ಇರಲಿ. ನನ್ನ ಗಿರಾಕಿ ಒಬ್ಬರೂ ಅಲ್ಲಿಲ್ಲ.

ಯೂಟ್ಯೂಬಿಗೆ ಬೇರೆಯದೇ ತಾಳ್ಮೆ ಬೇಕು. ಅಲ್ಲಿ ಹಾಕಿದ ವಿಡಿಯೊ ಎರಡು ವರ್ಷ ಬಿಟ್ಟರೂ ಹುಡುಕಿದವರಿಗೆ ಸಿಗುತ್ತದೆ, ಅದು ಲಾಭ. ಆದರೆ ತೆರಿಗೆಯ ನಿಯಮ ಎರಡು ವರ್ಷಕ್ಕೆ ಹಾಗೇ ಇರುವುದಿಲ್ಲ. ಹಳೆ ವಿಡಿಯೊ ನೋಡಿ ಬಂದವರಿಗೆ "ಅದು ಬದಲಾಗ್ಯದ" ಎಂದು ಹೇಳುವುದೇ ಒಂದು ಕೆಲಸವಾಗುತ್ತದೆ. ವಿಡಿಯೊದ ಮೊದಲಲ್ಲೇ ತಿಂಗಳು, ವರ್ಷ ಹೇಳಿಬಿಡಿ.

ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ.

ಏನು ಬರೆದು ಹಾಕಬೇಕು? ದಿನಾ ಹಾಕಲು ನನ್ನ ಹತ್ತಿರ ಏನಿದೆ?

ದಿನಾ ಹಾಕಬೇಕು ಎಂದು ಯಾರು ಹೇಳಿದರು? ವಾರಕ್ಕೆ ಒಂದು ಸಾಕು. ಆ ವಾರ ಗಿರಾಕಿ ಕೇಳಿದ ಒಂದು ಪ್ರಶ್ನೆ ತೆಗೆದುಕೊಳ್ಳಿ, ಅವರಿಗೆ ಎದುರಿಗೆ ಕೂತು ಹೇಗೆ ಹೇಳಿದಿರೋ ಹಾಗೇ ಬರೆಯಿರಿ.

ನಮ್ಮ ಗಂಗಾವತಿಯದ್ದೇ ಒಂದು ಉದಾಹರಣೆ. "ಮಾರ್ಕೆಟ್ಟಿಗೆ 26 ಕೆಜಿ ಅಕ್ಕಿ ಚೀಲ ಯಾಕೆ ಬಂತು?" ಎಂದು ಒಬ್ಬ ಕಿರಾಣಿ ಅಂಗಡಿಯವರು ಕೇಳಿದರು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅದಕ್ಕೇ ಗಿರಣಿಯವರು ಒಂದು ಕೆಜಿ ಜಾಸ್ತಿ ತುಂಬಿದರು. ಇದನ್ನು ಹತ್ತು ಸಾಲಿನಲ್ಲಿ ಬರೆದು, ಸೋನಾ ಮಸೂರಿ ಚೀಲದ ಫೋಟೊ ಜೊತೆ ಹಾಕಿದೆ. ಊರಲ್ಲಿ ದಿನಾ ಕಣ್ಣಿಗೆ ಬೀಳುವ ಚೀಲ, ಆದರೆ ಕಾರಣ ಬಹಳ ಜನಕ್ಕೆ ಗೊತ್ತಿರಲಿಲ್ಲ. ನಾನು ಹಾಕಿದ ಯಾವ ಹಬ್ಬದ ಶುಭಾಶಯವೂ ಅಷ್ಟು ಕಡೆ ಹೋಗಿರಲಿಲ್ಲ.

ಇನ್ನೊಂದು ಪೋಸ್ಟಿಗೆ ಬೈಗುಳ ತಿಂದಿದ್ದೇನೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಸರ್ಕಾರದ್ದೇ ಎನ್ನುವ ಹಾಗೆ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಅದಕ್ಕೆ ದುಡ್ಡು ಕೇಳುತ್ತವೆ. "ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು. ಬರದಿದ್ದರೆ ನಾವು ಮಾಡಿಕೊಡುತ್ತೇವೆ, ನಮ್ಮ ಕೂಲಿ ಇಷ್ಟು" ಎಂದು ಬರೆದೆ. ಅವತ್ತು ಸಂಜೆಯೇ ಇದೇ ಕಸುಬಿನ ಒಬ್ಬರು ಫೋನ್ ಮಾಡಿ "ನಮ್ಮ ಅನ್ನಕ್ಕೆ ಯಾಕ ಮಣ್ಣ ಹಾಕ್ತೀರಿ?" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಗಿರಾಕಿಗೆ ಇದು ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಮ್ಮಿಂದಲೇ ಗೊತ್ತಾಗಲಿ. ಆ ಪೋಸ್ಟ್ ನೋಡಿ ಉಚಿತವಾಗಿ ತಾವೇ ಮಾಡಿಕೊಂಡವರಲ್ಲಿ ಒಬ್ಬರು ಮೂರು ತಿಂಗಳ ಮೇಲೆ ಶಾವಿಗೆ ಘಟಕದ ಪ್ರಾಜೆಕ್ಟ್ ರಿಪೋರ್ಟಿಗೆ ಬಂದರು.

ಹಾಕಬಾರದ್ದು: ಗಿರಾಕಿಯ ಯಾವುದೇ ಕಾಗದ, ಹೆಸರು ಅಳಿಸಿದ್ದರೂ ಬೇಡ. "ಇವರಿಗೆ 30 ಲಕ್ಷ ಸಾಲ ಮಾಡಿಸಿಕೊಟ್ಟೆವು" ಎಂದು ಹಾರ ಹಾಕಿದ ಫೋಟೊ ಹಾಕುವವರಿದ್ದಾರೆ. ಮರುದಿನ ಆ ಮನುಷ್ಯನ ಮನೆಗೆ ಕೈಸಾಲ ಕೇಳಲು ನೆಂಟರು ಬರುತ್ತಾರೆ.

ಹೊತ್ತಿನ ಬಗ್ಗೆ ಒಂದು ಮಾತು. ಭತ್ತ ಕೊಯ್ಲಿನ ದಿನಗಳಲ್ಲಿ ಹಗಲು ಏನು ಹಾಕಿದರೂ ಗಿರಣಿಯವರು ನೋಡುವುದಿಲ್ಲ. ರಾತ್ರಿ ಊಟದ ಮೇಲೆ ನೋಡುತ್ತಾರೆ. ಹುಣ್ಣಿಮೆಗೆ ಅರ್ಧ ಊರು ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಯಲ್ಲಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ವಾರ ನಾನೂ ಏನೂ ಹಾಕುವುದಿಲ್ಲ, ಜಾತ್ರೆಗೆ ಹೋಗುತ್ತೇನೆ.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಾ? ನಮ್ಮಲ್ಲಿ ತೆಲುಗು, ಉರ್ದು ಗಿರಾಕಿಗಳೂ ಇದ್ದಾರೆ.

ಬರೆಯುವುದು ಕನ್ನಡದಲ್ಲಿ. ಕ್ಯಾಂಪುಗಳ (ತೆಲುಗು ರೈತರು ಬಂದು ನೆಲೆಸಿದ ಊರುಗಳು) ತೆಲುಗು ಗಿರಾಕಿಗಳಿಗೆ ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ನನ್ನ ತೆಲುಗು ಕೇಳಿ ನಗುತ್ತಾರೆ, ಆದರೆ ಕೆಲಸ ಆಗುತ್ತದೆ. ಉರ್ದು ಮಾತಾಡುವವರಲ್ಲಿ ಕನ್ನಡ ಓದುವವರು ಬಹಳ ಜನ ಇದ್ದಾರೆ, ಕೇಳಿ ತಿಳಿದುಕೊಳ್ಳಿ. ಓದಲು ಬೇಸರ ಪಡುವ ಹಿರಿಯರಿಗೂ ವಾಯ್ಸೇ ಸರಿ. ಆದರೆ ತಾರೀಖು, ಮೊತ್ತ ಎರಡನ್ನೂ ವಾಯ್ಸ್ ಕೆಳಗೆ ಅಂಕಿಯಲ್ಲಿ ಬರೆಯಿರಿ. ಆಮೇಲೆ "ನೀವು 20 ಅಂದ್ರಿ, ನಾ 28 ಅಂತ ಕೇಳ್ಸ್ಕೊಂಡೆ" ಎಂಬ ತಕರಾರು ಬರಬಾರದು.

ಟೈಪಿಂಗ್ ಕಷ್ಟ ಎನ್ನುವವರಿಗೆ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಕನ್ನಡದ ಧ್ವನಿ ಟೈಪಿಂಗ್ ಇದೆ. ಮಾತಾಡಿದರೆ ಬರೆದುಕೊಳ್ಳುತ್ತದೆ. ಜಿಎಸ್‌ಟಿ ಪದಗಳನ್ನು ಮಾತ್ರ ಒಮ್ಮೊಮ್ಮೆ ವಿಚಿತ್ರವಾಗಿ ಕೇಳಿಸಿಕೊಳ್ಳುತ್ತದೆ, ಕಳಿಸುವ ಮುಂಚೆ ಓದಿ ನೋಡಿ.

ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿದ್ದನ್ನು ಫೇಸ್‌ಬುಕ್ಕಿಗೆ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತವೆ. ಅದು ನಿಮ್ಮ ತಪ್ಪಲ್ಲ, ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿ) ಅಲ್ಲದ ಫಾಂಟಿನ ಗುಣ. ಯುನಿಕೋಡಿಗೆ ಬದಲಾಯಿಸಿ ಹಾಕಿ.

ಗೂಗಲ್ ಮ್ಯಾಪಿನಲ್ಲಿ ಆಫೀಸು ಬರಬೇಕು. ಹೇಗೆ?

ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಇದಕ್ಕೂ ದುಡ್ಡಿಲ್ಲ. "ನಾವು ಗೂಗಲ್‌ನವರು, 5000 ಕಟ್ಟಿ, ಇಲ್ಲದಿದ್ದರೆ ನಿಮ್ಮ ಹೆಸರು ತೆಗೆಯುತ್ತೇವೆ" ಎಂದು ಕರೆ ಬಂದರೆ ಫೋನ್ ಇಟ್ಟುಬಿಡಿ. ಪರಿಶೀಲನೆಗೆ ಸಾಮಾನ್ಯವಾಗಿ ವಿಡಿಯೊ ಕೇಳುತ್ತದೆ: ಬೀದಿ, ಬೋರ್ಡು, ಒಳಗಿನ ಮೇಜು, ನೀವೇ ಬೀಗ ತೆಗೆಯುವುದು. ಒಂದೇ ಸಲಕ್ಕೆ ನಿಲ್ಲಿಸದೆ ತೆಗೆಯಿರಿ.

ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು ಹಾಕಿ. "ಬೆಸ್ಟ್ ಜಿಎಸ್‌ಟಿ ಕನ್ಸಲ್ಟೆಂಟ್ ಲೋನ್ ಗಂಗಾವತಿ" ಎಂದು ಉದ್ದ ಮಾಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಜಿಲ್ಲೆಯ ಹೆಸರು ಸರಿ ನೋಡಿಕೊಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದರೂ ಹೊಸಪೇಟೆಯ ಎಷ್ಟೋ ಅಂಗಡಿಗಳ ವಿಳಾಸದಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಎಂದೇ ಇದೆ. ಬಳ್ಳಾರಿಯವರಿಗೆ ಇನ್ನೊಂದು ಗೋಜಲು, ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ಕ್ಕೆ Bellary ಹೋಗಿ Ballari ಎಂದು ಬದಲಾಯಿತು. ಹೊಸದನ್ನೇ ಬಳಸಿ, ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಎಲ್ಲ ಕಡೆ ಒಂದೇ ಥರ ಇದ್ದರೆ ತಲೆನೋವು ಕಡಿಮೆ.

ಫೋಟೊಗಳಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ನಮ್ಮ ಮೆಟ್ಟಿಲಿನ ಫೋಟೊ. ನಾವು ಮೊದಲ ಮಹಡಿ. ಕೆಳಗೆ ಔಷಧಿ ಅಂಗಡಿ. "ಮೆಡಿಕಲ್ ಪಕ್ಕದ ಮೆಟ್ಟಿಲು ಹತ್ತಿ" ಎಂದು ಬರೆದು ಹಾಕಿದ ಮೇಲೆ ಕೆಳಗಿನ ಅಂಗಡಿಯವರಿಗೆ ನಮ್ಮ ದಾರಿ ಹೇಳುವ ಕಾಟ ತಪ್ಪಿದೆ. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮರೆಮಾಡಿ ಯಾವ ಊರುಗಳಿಗೆ ಸೇವೆ ಎಂಬುದನ್ನು ಮಾತ್ರ ತೋರಿಸಬಹುದು.

ರಿವ್ಯೂ ಕೇಳುವುದು ನಾಚಿಕೆ ಅನಿಸುತ್ತದೆ.

ಕೆಲಸ ಮುಗಿದು ಗಿರಾಕಿ ಖುಷಿಯಲ್ಲಿದ್ದಾಗ ಲಿಂಕ್ ಕಳಿಸಿ, ಒಂದೇ ಸಲ ಕೇಳಿ. ರಿವ್ಯೂಗೆ ಬದಲಾಗಿ ಫೀ ಕಡಿಮೆ ಮಾಡಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರೋ ಒಂದು ಸ್ಟಾರ್ ಕೊಟ್ಟರೆ ಅವತ್ತೇ ಉತ್ತರ ಬರೆಯಬೇಡಿ, ರಾತ್ರಿ ಮಲಗಿ ಎದ್ದು ಬರೆಯಿರಿ. ಅವರ ತಪ್ಪೇ ಇದ್ದರೂ ಅವರ ಲೆಕ್ಕದ ಒಂದು ಅಂಕಿಯೂ ಉತ್ತರದಲ್ಲಿ ಬರಬಾರದು. "ತಡವಾಗಿದ್ದಕ್ಕೆ ಬೇಸರವಾಗಿದೆ. ಆಫೀಸಿಗೆ ಬನ್ನಿ, ಕೂತು ನೋಡೋಣ" ಎಂದರೆ ಓದುವ ಮೂರನೆಯವರಿಗೆ ಎಲ್ಲ ತಿಳಿಯುತ್ತದೆ.

ದುಡ್ಡು ಕೊಟ್ಟು ಜಾಹೀರಾತು ಮಾಡಿದರೆ ಲಾಭ ಇದೆಯಾ?

ಒಮ್ಮೆ ಬೇರೆ ಊರಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿಗೆ ಮೂರು ತಿಂಗಳಿಗೆ 15,000 ಕೊಟ್ಟೆ. ಲೈಕ್ ಸುರಿದವು. ಲೈಕ್ ಮಾಡಿದವರ ಹೆಸರು ನೋಡಿದರೆ ಒಬ್ಬರೂ ನಮ್ಮ ಸೀಮೆಯವರಲ್ಲ. ಅದಕ್ಕಿಂತ ಕೆಟ್ಟದ್ದು, ಪೇಜಿನ ಅಡ್ಮಿನ್ ಅವರೇ ಆಗಿದ್ದರು. ಬಿಡಿಸಿಕೊಳ್ಳಲು ತಿಂಗಳು ಹಿಡಿಯಿತು. ಯಾರಿಗೆ ಕೆಲಸ ಕೊಟ್ಟರೂ ಪೇಜು, ಡೊಮೇನು, ಇಮೇಲು ನಿಮ್ಮ ಹೆಸರಿನಲ್ಲೇ ಇರಲಿ.

ಆಮೇಲೆ ನಾನೇ ದಿನಕ್ಕೆ 300 ರೂಪಾಯಿಯಂತೆ ಐದು ದಿನ ಫೇಸ್‌ಬುಕ್ಕಿನಲ್ಲಿ ಹಾಕಿದೆ. ಗಂಗಾವತಿ, ಕಾರಟಗಿ, ಸಿಂಧನೂರು ಮಾತ್ರ ಆರಿಸಿದೆ. "ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್" ಎಂದು ಬರೆದಿದ್ದೆ. ಮೆಸೇಜು ಬಂದಿದ್ದೇ ಬಂದಿದ್ದು, ಎಲ್ಲರದ್ದೂ ಒಂದೇ ಪ್ರಶ್ನೆ: "ಸರ್ ಎಷ್ಟು ಸಾಲ ಕೊಡ್ತೀರಿ?" ತಪ್ಪು ನನ್ನದೇ, ಸಾಲ ಎಂಬ ಪದ ಮೊದಲಿಗಿತ್ತು. ಕೊನೆಗೆ ಇಬ್ಬರು ನಿಜವಾದ ಗಿರಾಕಿಗಳು ಉಳಿದರು. ಹಾಕಿದ ದುಡ್ಡು ಬಂತು, ಉತ್ತರ ಕೊಟ್ಟ ಹೊತ್ತು ಬರಲಿಲ್ಲ. ಜಾಹೀರಾತಿನ ಮೇಲೆ ಶೇ 18 ಜಿಎಸ್‌ಟಿಯೂ ಸೇರುತ್ತದೆ, ನೆನಪಿರಲಿ.

ನಾನು ಸಿಎ. ನನ್ನ ತಂಗಿ ವಕೀಲೆ. ನಾವೂ ಹೀಗೆ ಮಾಡಬಹುದಾ?

ನಿಮ್ಮಿಬ್ಬರಿಗೂ ವೃತ್ತಿಯ ನಿಯಮಗಳಿವೆ. ಬಾರ್ ಕೌನ್ಸಿಲ್ ವಕೀಲರು ಜಾಹೀರಾತು ಮಾಡಿ ಕೆಲಸ ಕೇಳುವುದನ್ನು ತಡೆಯುತ್ತದೆ. ಸಿಎಗಳಿಗೂ ಅವರ ಸಂಸ್ಥೆಯ ಕಟ್ಟುಪಾಡು ಇದೆ. ಮೊದಲು ಅವನ್ನು ಓದಿ, ಆಮೇಲೆ ನನ್ನ ಮಾತು ಕೇಳಿ.

ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ವಾಟ್ಸಾಪಿನಲ್ಲೇ ಬರುತ್ತವೆ. ಭಯ ಇಲ್ವಾ?

ಇದೆ. ಇರಲೇಬೇಕು. ನನಗೆ ಇದರ ಬಿಸಿ ತಟ್ಟಿದ್ದು ಒಂದು ಮದುವೆಯಲ್ಲಿ. ಫೋಟೊ ತೋರಿಸಲು ಅಕ್ಕನ ಕೈಗೆ ಫೋನ್ ಕೊಟ್ಟೆ. ಆಕೆ ಬೆರಳು ಸರಿಸುತ್ತ ಹೋದಂತೆ ಅಕ್ಷತೆಯ ಫೋಟೊ ಪಕ್ಕದಲ್ಲೇ ಯಾರದ್ದೋ ಪ್ಯಾನ್ ಕಾರ್ಡು. ಅವತ್ತು ರಾತ್ರಿಯೇ ಸೆಟ್ಟಿಂಗ್ಸಿಗೆ ಹೋಗಿ ವಾಟ್ಸಾಪ್ ಫೋಟೊಗಳು ಗ್ಯಾಲರಿಯಲ್ಲಿ ಕಾಣದಂತೆ ಮಾಡಿದೆ. ಮೀಡಿಯಾ ವಿಸಿಬಿಲಿಟಿ ಎಂದಿರುತ್ತದೆ, ಆಫ್ ಮಾಡಿ.

ಈಗಿನ ಪದ್ಧತಿ ಹೀಗೆ. ಬಂದ ಕಾಗದವನ್ನು ಗೂಗಲ್ ಡ್ರೈವಿನಲ್ಲಿ ಗಿರಾಕಿಯ ಫೋಲ್ಡರಿಗೆ ಹಾಕಿ, ಚಾಟ್‌ನಿಂದ ಅಳಿಸುತ್ತೇವೆ. ಉಚಿತವಾಗಿ 15 ಜಿಬಿ ಸಿಗುತ್ತದೆ, ನಮ್ಮಂಥ ಆಫೀಸಿಗೆ ಬಹಳ ದಿನ ಬರುತ್ತದೆ. ಗುರುತಿಗೆ ಮಾತ್ರ ಆಧಾರ್ ಬೇಕಿದ್ದರೆ ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೇಳುತ್ತೇವೆ. ವಾಟ್ಸಾಪಿಗೆ ಎರಡನೇ ಹಂತದ 6 ಅಂಕಿ ಪಿನ್ ಹಾಕಿದ್ದೇವೆ. ಕೆಲಸ ಬಿಟ್ಟು ಹೋದ ಹುಡುಗರ ಫೋನಿನಲ್ಲಿ ಏನೂ ಉಳಿಯದಂತೆ ಕಾಗದವೆಲ್ಲ ಆಫೀಸ್ ನಂಬರಿಗೆ ಮಾತ್ರ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾನೂನೇ ಬಂದಿದೆ, ಸಣ್ಣ ಆಫೀಸು ಎಂಬ ನೆಪ ನಡೆಯುವುದಿಲ್ಲ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಪ್ರಿಂಟ್ ತೆಗೆದು ಹಾಗೇ ಎದ್ದು ಬರುವವರು ಎಷ್ಟು ಜನ! ಆಮೇಲೆ ಬಂದವರಿಗೆ ನಿಮ್ಮ ಗಿರಾಕಿಯ ಇಡೀ ಜಾತಕ ಓದಲು ಸಿಗುತ್ತದೆ. ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ಗೊತ್ತಿಲ್ಲದ್ದನ್ನೆಲ್ಲ ಲಾಗೌಟ್ ಮಾಡಿ. ಇದನ್ನು ಓದುತ್ತಿರುವಾಗಲೇ ನೋಡಿಬಿಡಿ.

ಓಟಿಪಿಯನ್ನು ನಾವು ಕರೆ ಮಾಡಿಯೇ ಕೇಳುತ್ತೇವೆ, ಯಾವುದಕ್ಕೆ ಎಂದು ಹೇಳಿ ಕೇಳುತ್ತೇವೆ. ಚಲನ್, ಮದುವೆ ಕಾರ್ಡು ಎಂಬ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಸೇರಿಸುವ ಫೈಲ್) ಬಂದರೆ ತೆರೆಯಬೇಡಿ ಎಂದು ಗಿರಾಕಿಗಳಿಗೆ ಆಗಾಗ ಹೇಳಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಂಬರನ್ನು ಆಫೀಸಿನ ಗೋಡೆಗೆ ಅಂಟಿಸಿದ್ದೇನೆ.

ಊರೆಲ್ಲ ಒಂದು ಸುದ್ದಿ ಫಾರ್ವರ್ಡ್ ಆಗುತ್ತಿರುವಾಗ ನಾವು ಏನು ಹಾಕಬೇಕು?

2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡು ಎದ್ದವು. ಇಲ್ಲಿ ನನ್ನ ಗಿರಾಕಿಗಳೂ ಕ್ಯೂಆರ್ ಸ್ಟಿಕರ್ ಕೀಳಲು ಶುರು ಮಾಡಿದರು. ಯಾರೋ ಫಾರ್ವರ್ಡ್ ಮಾಡಿದ ವಾಯ್ಸ್ ಕೇಳಿ ಚಹಾದಂಗಡಿಯವರೂ ನಡುಗುತ್ತಿದ್ದರು.

ಆ ವಾರ ನಾನು ಒಂದು ದಿನ ಸುಮ್ನೆ ಇದ್ದೆ. ಮರುದಿನ ಕೂತು ಗೊತ್ತಿದ್ದಷ್ಟನ್ನೇ ಬರೆದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಬರೀ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಮಾರುವವರಿಗೆ ಬೇಡ. ನಗದು ತೊಗೊಂಡರೂ ವಹಿವಾಟು ವಹಿವಾಟೇ, ಸ್ಟಿಕರ್ ಕಿತ್ತರೆ ಲೆಕ್ಕ ಬದಲಾಗುವುದಿಲ್ಲ. 1.5 ಕೋಟಿವರೆಗಿನ ವ್ಯಾಪಾರಿಗೆ ವಹಿವಾಟಿನ ಶೇ 1 ಮಾತ್ರ ತೆರಿಗೆ ಕಟ್ಟುವ ಕಾಂಪೊಸಿಷನ್ ದಾರಿ ಇದೆ. ನೋಟಿಸ್ ಎಂದರೆ ದಂಡ ಅಲ್ಲ, ಉತ್ತರ ಕೇಳುವ ಕಾಗದ. ಕೊನೆಗೆ ಬರೆದೆ: ನೋಟಿಸ್ ಬಂದಿದ್ದರೆ ತನ್ನಿ, ಬಂದಿಲ್ಲದಿದ್ದರೆ ಅಂಗಡಿ ನಡೆಸಿ.

ಹೆದರಿಸುವ ಹೆಡಿಂಗ್ ಹಾಕಿದ್ದರೆ ಇನ್ನೂ ಜಾಸ್ತಿ ಜನ ಬರುತ್ತಿದ್ದರು. ಆ ವಾರ ಹಾಗೆ ಮಾಡಿ ದುಡಿದವರನ್ನೂ ಬಲ್ಲೆ. ನಾನು ಬಂದವರಲ್ಲಿ ಬಹಳ ಜನಕ್ಕೆ "ನಿಮಗೇನೂ ಇಲ್ಲ, ಹೋಗ್ರಿ" ಎಂದು ಕಳಿಸಿದೆ. ಅವರಲ್ಲಿ ಕೆಲವರು ಅಣ್ಣತಮ್ಮಂದಿರನ್ನು ಕರೆದುಕೊಂಡು ಬಂದರು.

ಚಾಟ್‌ಜಿಪಿಟಿ, ಜೆಮಿನಿ ಬಳಸುತ್ತೀರಾ?

ಇಂಗ್ಲಿಷ್ ಪತ್ರದ ಕರಡಿಗೆ ಬಳಸುತ್ತೇನೆ. ಬ್ಯಾಂಕ್ ಮ್ಯಾನೇಜರಿಗೆ ಬರೆಯುವ ಪತ್ರ ಅರ್ಧ ಗಂಟೆ ಹಿಡಿಯುತ್ತಿತ್ತು, ಈಗ ಐದು ನಿಮಿಷ. ಆದರೆ ಒಮ್ಮೆ ಒಂದು ಅಧಿಸೂಚನೆಯ ನಂಬರ್ ಕೊಟ್ಟಿತು, ಹುಡುಕಿದರೆ ಅಂಥದ್ದೇ ಇಲ್ಲ. ಧೈರ್ಯವಾಗಿ ಸುಳ್ಳು ಹೇಳುವ ಗುಮಾಸ್ತ ಎಂದು ತಿಳಿದುಕೊಳ್ಳಿ. ನಂಬರ್, ತಾರೀಖು, ದರ ಮೂರನ್ನೂ ಮೂಲದಲ್ಲಿ ನೋಡದೆ ಬಳಸಬೇಡಿ. ಗಿರಾಕಿಯ ಹೆಸರು, ಪ್ಯಾನ್, ಲೆಕ್ಕ ಅದರೊಳಗೆ ಹಾಕಬೇಡಿ. ಕನ್ನಡದಲ್ಲಿ ಬರೆಸಿದರೆ ಸರ್ಕಾರಿ ಸುತ್ತೋಲೆಯಂತೆ ಬರುತ್ತದೆ, ನಮ್ಮ ಸಾವ್ಕಾರ್ರು ಓದುವುದಿಲ್ಲ.

ಫೀ ವಸೂಲಿಗೆ ಏನು ಮಾಡುತ್ತೀರಿ?

ಉದ್ರಿ ನಮ್ಮ ಸೀಮೆಯ ಹಳೆ ರೋಗ. ಕೆಲಸ ಶುರುವಾಗುವ ಮುಂಚೆಯೇ ಮೊತ್ತ ಬರೆದು ವಾಟ್ಸಾಪಿನಲ್ಲಿ ಕಳಿಸಿ, ಅವರಿಂದ "ಸರಿ" ಎಂದು ಬರೆಸಿಕೊಳ್ಳಿ. ಬಿಲ್ಲಿನ ಜೊತೆಗೇ ಯುಪಿಐ ಕ್ಯೂಆರ್ ಕಳಿಸಿ. ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ಖಾತೆಗೆ ಬಂದಿದ್ದನ್ನು ನೋಡಿ. ಎದುರಿಗೆ ಬಾಯಿಬಿಟ್ಟು ಕೇಳಲು ಸಂಕೋಚಪಡುವ ನನ್ನಂಥವರಿಗೆ "ಫೀ ಬಾಕಿ" ಲೇಬಲ್ ದೇವರು ಕೊಟ್ಟ ವರ.

ಜನ ಫೋನಿನಲ್ಲೇ ಪುಕ್ಕಟೆ ಸಲಹೆ ಕೇಳುತ್ತಾರೆ. ಹೇಗೆ ನಿಭಾಯಿಸುವುದು?

ಐದು ನಿಮಿಷದ ಮಾತು ಪುಕ್ಕಟೆ. ಕಾಗದ ನೋಡಬೇಕು ಎಂದಾದರೆ ಫೀ. ಇದನ್ನು ಪ್ರೊಫೈಲಿನಲ್ಲೇ ಬರೆದಿದ್ದೇನೆ, ಹಾಗಾಗಿ ಹೇಳಲು ಮುಜುಗರ ಇಲ್ಲ. ನೆಂಟರ ವಿಷಯಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಸಿಕ್ಕಿಲ್ಲ.

ವೆಬ್‌ಸೈಟ್ ಬೇಕಾ?

ಸದ್ಯಕ್ಕೆ ಬೇಡ. ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಉಚಿತ ವೆಬ್‌ಸೈಟ್ ಸಿಗುತ್ತಿತ್ತು, 2024ರ ಮಾರ್ಚಿನಲ್ಲಿ ನಿಲ್ಲಿಸಿದರು. ನನ್ನ ಹಳೆ ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಇನ್ನೂ ಇದೆ, 400 ಕಾರ್ಡು ಉಳಿದಿವೆ. ಹಿಂಬದಿಯಲ್ಲಿ ಲೆಕ್ಕ ಬರೆಯುತ್ತೇನೆ.

ದಿನಕ್ಕೆ ಎಷ್ಟು ಹೊತ್ತು ಇದಕ್ಕೆ ಹೋಗುತ್ತದೆ?

ಬೆಳಗ್ಗೆ ಅರ್ಧ ಗಂಟೆ ಲೇಬಲ್ ನೋಡಲು. ಮಧ್ಯಾಹ್ನ ಊಟದ ಮೇಲೆ ಉಳಿದ ಮೆಸೇಜಿಗೆ ಉತ್ತರ. ಬುಧವಾರ ರಾತ್ರಿ ವಾರದ ಒಂದು ಪೋಸ್ಟು. ಸಂಜೆ ಏಳಕ್ಕೆ ಆಫೀಸಿನ ಫೋನನ್ನು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿ ಮನೆಗೆ ಹೋಗುತ್ತೇನೆ. 11 ಮತ್ತು 20ನೇ ತಾರೀಖು ಮಾತ್ರ ಅದು ನನ್ನ ಜೊತೆ ಮನೆಗೆ ಬರುತ್ತದೆ, ಊಟಕ್ಕೂ ಪಕ್ಕದಲ್ಲೇ ಕೂರುತ್ತದೆ.